ಹೆಬ್ಬೆರಳು ಜಾರಿದ ಚಿತ್ರ

ನಾಸಿಕ್
೪ ಜನವರಿ ೨೦೨೬

ಮಂದಕ್ಕನಿಗೆ ಗುಣವತಿಯ ನಮಸ್ಕಾರ.

ನೀವು ವರ್ಗವಾಗಿ ಸಂಭಾಜಿನಗರಕ್ಕೆ ಹೋದ ಮೇಲೆ ನಮ್ಮ ಹೋಟೆಲಿನ ಕಿಟಕಿ ಪಕ್ಕದ ಮೇಜಿಗೆ ನಿಮ್ಮ ಬ್ಯಾಂಕಿನ ಬೇರೆ ಯಾರೋ ಬಂದು ಕೂರುತ್ತಾರೆ. ಸಾಂಬಾರಿಗೆ ಬೆಲ್ಲ ಜಾಸ್ತಿಯಾಯಿತೆಂದು ಅವರು ಬೈಯುವುದಿಲ್ಲ. ಬೈಯುವವರಿಲ್ಲದೆ ನಮ್ಮ ಅಡುಗೆಯವರು ಸೋಮಾರಿಗಳಾಗಿದ್ದಾರೆ.

ಫೋನು ಇರುವಾಗ ಕಾಗದ ಯಾಕೆ ಎಂದು ಕೇಳಬೇಡಿ. ನನ್ನ ಫೋನು ದಿನವಿಡೀ ಗಲ್ಲಾದ ಮೇಲೆ ಪಾರ್ಸೆಲ್ ಆರ್ಡರಿಗೆ ಕೂತಿರುತ್ತದೆ, ಯಾರು ಬೇಕಾದರೂ ಎತ್ತುತ್ತಾರೆ. ಇದು ನಮ್ಮವರ ಕಿವಿಗೆ ಬೀಳಬಾರದ ಮಾತು. ಅದಕ್ಕೇ ಚಟ್ನಿಪುಡಿ ಡಬ್ಬಿಯ ಜೊತೆ ಬಸ್ಸಿಗೆ ಹಾಕುತ್ತಿದ್ದೇನೆ.

ಅಶ್ವಿತಾಳ ವಿಷಯ. ಅವಳ ಮೊಣಕಾಲಿನ ಆಪರೇಷನ್ ಆದಾಗ ನೀವು ಇಲ್ಲೇ ಇದ್ದಿರಿ. ಇನ್ನು ಖೋ-ಖೋ ಸಾಕು ಎಂದು ಇವರು ಹೇಳಿದ್ದು, ಅವಳು ಹಟ ಮಾಡಿ ನಿಮ್ಮ ಊರಿನ ಕಾಲೇಜಿಗೇ ಆಟದ ಕೋರ್ಸಿಗೆ ಸೇರಿದ್ದು ನಿಮಗೆ ಗೊತ್ತು. ಹೊರಡುವ ದಿನ ಇವರು ಆಡಿದ ಮಾತು ನಿಮಗೆ ಗೊತ್ತಿಲ್ಲ. "ನಿನ್ನ ಕಾಲು ಇನ್ನೊಮ್ಮೆ ಮುರಿಯುದನ್ನು ನೋಡ್ಲಿಕ್ಕೆ ನಾನು ಬರುದಿಲ್ಲ. ಆಟ ಬೇಕಾ, ಅಪ್ಪ ಬೇಕಾ, ನೀನೇ ಹೇಳು" ಎಂದರು. ಅವಳು ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು. ಅಂದಿನಿಂದ ಅಪ್ಪ ಮಗಳಿಗೆ ಮಾತಿಲ್ಲ. ದೀಪಾವಳಿಗೂ ಅವಳು ಹಾಸ್ಟೆಲಿನಲ್ಲೇ ಉಳಿದಳು.

ಇದೇ ಹದಿನೆಂಟಕ್ಕೆ ಅವಳ ಫೈನಲ್ ನಿಮ್ಮಲ್ಲಿಯೇ ಇದೆ. ನಾನು ಬರಬೇಕೆಂದಿದ್ದೆ. ಅದೇ ದಿನ ಇವರಿಗೆ ದಿಂಡೋರಿಯಲ್ಲಿ ಮದುವೆ ಊಟದ ಆರ್ಡರು. ಗಲ್ಲಾದಲ್ಲಿ ನಾನೇ ಕೂರಬೇಕು.

ನೀವು ಹೋಗಿ ಒಂದು ಚಿತ್ರ ತೆಗೆದುಕೊಡಿ ಅಕ್ಕ. ಅವಳು ಕಂಬದ ಹತ್ತಿರ ಹಾರಿ ಎದುರಾಳಿಯನ್ನು ಮುಟ್ಟುತ್ತಾಳಲ್ಲ, ಅದು. ಗಲ್ಲಾದ ಎದುರು ಗೋಡೆಗೆ ಹಾಕುತ್ತೇನೆ. ಮಗಳ ಹೆಸರು ಎತ್ತಬೇಡ ಎಂದು ನನ್ನ ಬಾಯಿ ಮುಚ್ಚಿಸಬಹುದು, ಗೋಡೆಯ ಬಾಯಿ ಮುಚ್ಚಿಸಲಿಕ್ಕಾಗುವುದಿಲ್ಲವಲ್ಲ. ದಿನಾ ನೋಡಿ ನೋಡಿ ಒಂದು ದಿನವಾದರೂ ಮನಸ್ಸು ಕರಗೀತು.

ನಿಮ್ಮ
ಗುಣವತಿ


ಛತ್ರಪತಿ ಸಂಭಾಜಿನಗರ
೯ ಜನವರಿ ೨೦೨೬

ಗುಣವತಿ,

ಚಟ್ನಿಪುಡಿ ಬಂತು, ಅರ್ಧ ಮುಗಿಯಿತು ಕೂಡ. ನಿಮ್ಮ ಸಾಂಬಾರನ್ನು ನಾನು ಬೈದದ್ದು ನಿಜ, ಇಲ್ಲಿ ವಾಳೂಜ್‌ನ ಕಾರ್ಖಾನೆ ಕ್ಯಾಂಟೀನಿನಲ್ಲಿ ಅದನ್ನೇ ನೆನೆದು ಊಟ ಮಾಡುವುದೂ ನಿಜ.

ಚಿತ್ರದ ಚಿಂತೆ ಬಿಡಿ. ನಂದೂರ್ ಮಧ್ಮೇಶ್ವರದ ಕೆರೆಯ ಮೇಲೆ ಹಾರುವ ಹಕ್ಕಿಗಳನ್ನು ನಾನು ಹಿಡಿದದ್ದನ್ನು ನೀವೇ ಪಕ್ಕದಲ್ಲಿ ಚಕ್ಕುಲಿ ಡಬ್ಬಿ ಹಿಡಿದು ನಿಂತು ನೋಡಿದ್ದೀರಿ. ಅಶ್ವಿತಾ ಹಕ್ಕಿಗಿಂತ ಜೋರಾಗಿ ಹಾರುತ್ತಾಳೇನು?

ಗುಟ್ಟು ಇಷ್ಟೇ. ಎಲ್ಲರೂ ಒಂದೇ ಬೆರಳಿಗೆ ಎರಡು ಕೆಲಸ ಹಚ್ಚುತ್ತಾರೆ: ಮುಂದಿನ ಗುಂಡಿ ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಚಿತ್ರ. ನಿಂತವರಿಗೆ ಅದು ಸಾಕು. ಓಡುವವರಿಗೆ ಸಾಲದು. ನಾನು ಫೋಕಸ್ ಕೆಲಸವನ್ನು ಕ್ಯಾಮೆರಾದ ಹಿಂಬದಿಯ ಗುಂಡಿಗೆ ವಹಿಸಿ ಎಷ್ಟೋ ಕಾಲವಾಯಿತು. ಹೆಬ್ಬೆರಳು ಆ ಗುಂಡಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಕ್ಯಾಮೆರಾ ಓಡುವವರ ಬೆನ್ನು ಬಿಡುವುದಿಲ್ಲ. ತೋರುಬೆರಳಿಗೆ ಬೇಕೆನಿಸಿದಾಗ ಚಿತ್ರ ತೆಗೆಯುವುದೊಂದೇ ಕೆಲಸ. ಹೆಬ್ಬೆರಳು ಬಿಟ್ಟರೆ ಫೋಕಸ್ ಎಲ್ಲಿತ್ತೋ ಅಲ್ಲೇ ನಿಂತುಬಿಡುತ್ತದೆ, ಆದ್ದರಿಂದ ಬಿಡಬಾರದು.

ಇಲ್ಲಿಯ ಕಾರ್ಖಾನೆಗಳ ಹುಡುಗ ಎಂಜಿನಿಯರುಗಳು ಒಂದು ಫೋಟೋ ಬಳಗ ಕಟ್ಟಿಕೊಂಡಿದ್ದಾರೆ. ಅವರಿಗೆಲ್ಲ ಇದನ್ನು ಕಲಿಸಿದವಳು ನಾನೇ. ಮುಂದಿನ ಗುಂಡಿಯಲ್ಲಿ ಫೋಕಸ್ ಮಾಡುವವರನ್ನು ಕಂಡರೆ "ಏನ್ರೀ, ಇನ್ನೂ ಅಂಗನವಾಡಿಯೊಳಗ ಅದೀರಿ?" ಅಂತೀನಿ. ಉತ್ಕರ್ಷ ಎಂಬ ಹುಡುಗ ನನ್ನನ್ನು ಗುರುಮಾತೆ ಎನ್ನುತ್ತಾನೆ. ಅವರನ್ನೂ ಆಟಕ್ಕೆ ಕರೆದಿದ್ದೇನೆ, ಗುರುವಿನ ಕೈಚಳಕ ನೋಡಲಿ.

ಮೊಳೆ ಹೊಡೆದಿಡಿ. ಅಕ್ಷರ ಸೊಟ್ಟಗಿದ್ದರೆ ಪೆನ್ನಿಗೆ ಬೈಯಿರಿ.

ಮಂದಾಕಿನಿ


ನಾಸಿಕ್
೨೨ ಜನವರಿ ೨೦೨೬

ಮಂದಕ್ಕ,

ಗೆದ್ದಳಂತೆ. ಕೊನೆಯ ಸರದಿಯಲ್ಲಿ ಕಂಬದ ಹತ್ತಿರ ಹಾರಿ ಮುಟ್ಟಿದ್ದೇ ಅವಳಂತೆ. "ಆಂಟಿ ಕಂಬದ ಎದುರೇ ಕೂತಿದ್ರು ಅಮ್ಮಾ, ಖೂಪ್ ಫೋಟೋ ತೆಗೆದ್ರು. ಮ್ಯಾಚ್ ಮುಗಿದ್ಮೇಲೆ ಹುಡುಕಿದ್ರೆ ಇಲ್ಲ" ಎಂದಳು. ಇಷ್ಟು ಅವಸರ ಏನಿತ್ತು ಅಕ್ಕ? ಒಂದು ಐಸ್‌ಕ್ರೀಮಾದರೂ ಕೊಡಿಸಬಹುದಿತ್ತು ಅವಳಿಗೆ.

ಇಲ್ಲಿ ನಾನು ಆ ದಿನವೆಲ್ಲ ಗಿರಾಕಿಗಳಿಗೆ ತಪ್ಪು ಚಿಲ್ಲರೆ ಕೊಟ್ಟುಕೊಂಡು ಕೂತಿದ್ದೆ. ಇವರು ದಿಂಡೋರಿಯಿಂದ ಬಂದಾಗ ಕತ್ತಲಾಗಿತ್ತು. ಗಂಟಲು ಪೂರಾ ಕೂತುಹೋಗಿತ್ತು, ಪಿಸುಮಾತಿಗೂ ಸ್ವರವಿಲ್ಲ. ಕೇಳಿದರೆ ಅಲ್ಲಿಯ ಧೂಳು ಎಂದು ಕೈಸನ್ನೆ ಮಾಡಿದರು. ಬಡಿಸುವವರ ಮೇಲೆ ರೇಗಾಡಿರಬೇಕು. ಕಾಳುಮೆಣಸಿನ ಕಷಾಯ ಮಾಡಿಕೊಟ್ಟೆ. ಮಗಳು ಗೆದ್ದ ಸುದ್ದಿಯನ್ನು ಗೋಡೆಗೆ ಹೇಳುವ ಹಾಗೆ ಜೋರಾಗಿ ಹೇಳಿದೆ. ಮುಖ ಎತ್ತಲಿಲ್ಲ. ಲೋಟ ಕೆಳಗಿಟ್ಟು ಮಲಗಲು ಹೋದರು. ಎಂಥಾ ಕಲ್ಲು ಮನಸ್ಸು ಅಕ್ಕ ಇವರದು.

ಚಿತ್ರಕ್ಕೆ ಕಾಯುತ್ತಿದ್ದೇನೆ.

ಗುಣವತಿ


ಛತ್ರಪತಿ ಸಂಭಾಜಿನಗರ
೨ ಫೆಬ್ರವರಿ ೨೦೨೬

ಗುಣವತಿ,

ತಡವಾಯಿತು. ಕಂಪ್ಯೂಟರ್ ರಿಪೇರಿಗೆ ಹೋಗಿದೆ. ಬ್ಯಾಂಕಿನಲ್ಲಿ ಆಡಿಟ್ ಬೇರೆ. ಇಲ್ಲಿ ಬಸ್ ನಿಲ್ದಾಣದಲ್ಲಿ ಕಂಡಕ್ಟರು "ಕನ್ನಡ, ಕನ್ನಡ" ಎಂದು ಕೂಗಿದಾಗ ಈಗಲೂ ತಿರುಗಿ ನೋಡುತ್ತೇನೆ. ಅದು ಇಲ್ಲಿಯ ತಾಲೂಕು ಊರಿನ ಹೆಸರು, ನಮ್ಮವರು ಯಾರೂ ಕರೆಯುತ್ತಿರುವುದಿಲ್ಲ.

ಚಿತ್ರ ಕಳಿಸುತ್ತೇನೆ.

ಮಂದಾಕಿನಿ


ನಾಸಿಕ್
೯ ಫೆಬ್ರವರಿ ೨೦೨೬

ಮಂದಕ್ಕ,

ಮೊಳೆ ಹೊಡೆಸಿ ಆಯಿತು. "ಎಂತಕ್ಕೆ ಈ ಮೊಳೆ?" ಎಂದು ಇವರು ಕೇಳಿದರು. ಕ್ಯಾಲೆಂಡರಿಗೆ ಎಂದೆ. ಪಕ್ಕದಲ್ಲೇ ಕ್ಯಾಲೆಂಡರು ತೂಗುತ್ತಿತ್ತು. ಸುಳ್ಳು ಹೇಳಲಿಕ್ಕೂ ಅಭ್ಯಾಸ ಬೇಕು.

ಅವಸರ ಮಾಡಬಾರದೆಂದು ಗೊತ್ತು. ಆದರೆ ಯುಗಾದಿಗೂ ಬರುವುದಿಲ್ಲವೆಂದು ಅಶ್ವಿತಾ ಹೇಳಿದ್ದಾಳೆ. "ಪಪ್ಪ ಕರೀಲಿ, ಬರ್ತೀನಿ" ಅನ್ನುತ್ತಾಳೆ. ಪರೀಕ್ಷೆ ಮುಗಿದ ಮೇಲೆ ಪುಣೆಯಲ್ಲಿ ಕೋಚಿಂಗ್ ಕೆಲಸ ಸಿಗುತ್ತದಂತೆ, ಅಲ್ಲಿಂದಲೇ ಹೋಗುತ್ತಾಳಂತೆ. ಆಮೇಲೆ ಈ ಮನೆಗೆ ಅವಳು ನೆಂಟಳೇ. ನನಗೆ ಹೆದರಿಕೆಯಾಗುತ್ತಿದೆ. ಒಂದೇ ಒಂದು ಚಿತ್ರ ಸಾಕು ಅಕ್ಕ, ಚೆನ್ನಾಗಿ ಬಂದಿರುವುದು.

ಗುಣವತಿ


ಛತ್ರಪತಿ ಸಂಭಾಜಿನಗರ
೧೬ ಫೆಬ್ರವರಿ ೨೦೨೬

ಗುಣವತಿ,

ಇದರ ಜೊತೆ ಒಂದು ಚಿತ್ರವಿದೆ. ರಟ್ಟಿನ ನಡುವೆ ಇಟ್ಟಿದ್ದೇನೆ, ಮಡಚಬೇಡಿ. ಅಶ್ವಿತಾ ಚೆನ್ನಾಗಿ ಕಾಣಿಸುತ್ತಾಳೆ.

ಹೆಚ್ಚು ಬರೆಯಲು ಬಿಡುವಿಲ್ಲ.

ಮಂದಾಕಿನಿ


ನಾಸಿಕ್
೨೫ ಫೆಬ್ರವರಿ ೨೦೨೬

ಮಂದಕ್ಕ,

ನಿಮ್ಮ ಕೈಗೆ ಬಂಗಾರದ ಬಳೆ ಹಾಕಿಸಬೇಕು. ಒಂದು ಕೈ ಕಂಬದ ಮೇಲೆ, ಇನ್ನೊಂದು ಕೈ ಆ ಹುಡುಗಿಯ ಬೆನ್ನಿಗೆ, ಎರಡೂ ಕಾಲು ಗಾಳಿಯಲ್ಲಿ. ಹಲ್ಲು ಕಚ್ಚಿದ್ದು ಕೂಡ ಕಾಣುತ್ತದೆ. ಚಿಕ್ಕವಳಿದ್ದಾಗ ಔಷಧಿ ಕುಡಿಯುವಾಗ ಹೀಗೇ ಹಲ್ಲು ಕಚ್ಚುತ್ತಿದ್ದಳು. ನೋಡುತ್ತ ಅತ್ತುಬಿಟ್ಟೆ.

ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಕೆಳಗೆ ಮರಾಠಿಯಲ್ಲೂ ಕನ್ನಡದಲ್ಲೂ "ಚಿತ್ರ: ಮಂದಾಕಿನಿ" ಎಂದು ಬರೆಸಿದೆ. ಬರುವ ಗಿರಾಕಿಗಳೆಲ್ಲ ಕೇಳುತ್ತಾರೆ, ನಮ್ಮ ಅಕ್ಕ ತೆಗೆದದ್ದು ಎಂದು ನಾನು ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆ.

ಇವರು ತುಂಬ ಹೊತ್ತು ನಿಂತು ನೋಡಿದರು. "ಇದು ಮಂದಾಕಿನಿಯಮ್ಮ ತೆಗೆದದ್ದಾ?" ಎಂದರು. ಹೌದು ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದರು. ಮಗಳ ಬಗ್ಗೆ ಒಂದಕ್ಷರವಿಲ್ಲ. ತೆಗೆಯಬೇಕು ಎನ್ನಲೂ ಇಲ್ಲ, ಅಷ್ಟೇ ಸಮಾಧಾನ.

ಗುಣವತಿ


ಛತ್ರಪತಿ ಸಂಭಾಜಿನಗರ
೪ ಮಾರ್ಚ್ ೨೦೨೬

ಗುಣವತಿ,

ದಯವಿಟ್ಟು ಆ ಹೆಸರು ತೆಗೆಸಿಬಿಡಿ. ಚಿತ್ರವಿದ್ದರೆ ಸಾಕು, ಹೆಸರು ಯಾಕೆ? ನನಗೆ ಅದು ಸರಿ ಅನಿಸುವುದಿಲ್ಲ. ನಾಳೆಯೇ ತೆಗೆಸಿ.

ಮಂದಾಕಿನಿ


ನಾಸಿಕ್
೨೨ ಮಾರ್ಚ್ ೨೦೨೬

ಮಂದಾಕಿನಿ ಅವರಿಗೆ,

ಹೆಸರು ತೆಗೆಸಿ ಎಂದು ನೀವು ಬರೆದಾಗ ದೊಡ್ಡವರ ಸಂಕೋಚ ಎಂದುಕೊಂಡು ನಕ್ಕೆ. ತೆಗೆಸಲಿಲ್ಲ. ನಿನ್ನೆ ತೆಗೆಸಿದೆ.

ಅಶ್ವಿತಾಳ ಟೀಮು ಯಾವುದೋ ಪಂದ್ಯಕ್ಕೆ ನಾಸಿಕ್‌ಗೆ ಬಂದಿತ್ತು. ಅಶ್ವಿತಾ ಬರಲಿಲ್ಲ, ಕಾಲು ನೋವೆಂದು ಹೇಳಿ ಹಾಸ್ಟೆಲಿನಲ್ಲೇ ಉಳಿದಳಂತೆ. ಹುಡುಗಿಯರೆಲ್ಲ ನಮ್ಮಲ್ಲಿಗೆ ದೋಸೆಗೆ ಬಂದರು. ಮಧ್ಯಾಹ್ನದ ಹೊತ್ತು, ಹೋಟೆಲು ತುಂಬಿತ್ತು. ನಾನು ಹೆಮ್ಮೆಯಿಂದ ಅವರನ್ನು ಚಿತ್ರದ ಮುಂದೆ ನಿಲ್ಲಿಸಿದೆ. ರುಚಿತಾ ಎಂಬವಳು ಹೆಸರು ಓದಿ, "ಕಾಕೂ, ಹಾ ತರ್ ಸಮೀರ್ ದಾದಾಚಾ ಫೋಟೋ ಆಹೇ" ಎಂದಳು. ಇದು ಪೇಪರಿನ ಸಮೀರ ತೆಗೆದದ್ದು, ಮರುದಿನವೇ ಪೇಪರಿನಲ್ಲಿ ಬಂದದ್ದು, ಟೀಮಿನವರೆಲ್ಲರ ಫೋನಿನಲ್ಲೂ ಇದೆ ಎಂದಳು. ತೋರಿಸಿದಳು ಕೂಡ. ಅದೇ ಕೈ, ಅದೇ ಕಂಬ. ಕೆಳಗೆ ಅವನ ಹೆಸರು.

ನೀವು ಕೂರುತ್ತಿದ್ದ ಮೇಜಿನಲ್ಲಿ ಈಗ ಕೂರುವ ಆ ಬ್ಯಾಂಕಿನವರು ತುತ್ತು ನಿಲ್ಲಿಸಿ ನನ್ನ ಮುಖ ನೋಡಿದರು. ಅವರಿಗೆ ನಾನು ಎಷ್ಟು ಸಲ ಹೇಳಿದ್ದೆ, ನಮ್ಮ ಅಕ್ಕ ತೆಗೆದದ್ದು ಎಂದು. ಗಲ್ಲಾದ ಹಿಂದೆ ಅವಿತುಕೊಳ್ಳಲು ಜಾಗವಿದ್ದರೆ ಅವಿತುಕೊಳ್ಳುತ್ತಿದ್ದೆ. ಏನೋ ತಪ್ಪಾಗಿದೆ ಎಂದು ನಾನೇ ಆ ಮಗುವಿನ ಕ್ಷಮೆ ಕೇಳಿದೆ.

ನಿಮ್ಮನ್ನು ಬೈದೆ, ಸುಳ್ಳು ಹೇಳುವುದಿಲ್ಲ. ಒಳಗೆ ಹೋಗಿ ಇವರ ಮುಂದೆ ಬಾಯಿಗೆ ಬಂದಂತೆ ಬೈದೆ. ಇವರು, "ಬಿಡು ಮಾರಾಯ್ತಿ. ಪಾಪ, ಅವರ ಹೆಬ್ಬೆರಳಿಗೆ ಪಟ್ಟಿ ಕಟ್ಟಿತ್ತು. ಆ ಬೆರಳಲ್ಲಿ ಎಂತ ತೆಗೀಲಿಕ್ಕಾಗ್ತದೆ?" ಎಂದರು.

ಇದಕ್ಕೆ ನನಗೆ ಹೆಚ್ಚು ನೋವಾಯಿತು. ನಿಮಗೆ ಬೆರಳು ನೋವಿದೆ ಎಂದು ಇವರಿಗೆ ಫೋನು ಮಾಡಿ ಹೇಳಿದಿರಿ. ಭಾನುವಾರ ಭಾನುವಾರ ನಿಮ್ಮ ಹಿಂದೆ ಡಬ್ಬಿ ಹೊತ್ತು ತಿರುಗಿದ ನನಗೆ ಹೇಳಲಿಲ್ಲ. ಚಿತ್ರ ಬರಲಿಲ್ಲ ಗುಣವತಿ ಎಂದು ಒಂದು ಸಾಲು ಬರೆದಿದ್ದರೆ ನಾನೇನು ನಿಮ್ಮನ್ನು ನುಂಗುತ್ತಿದ್ದೆನೇ? ಕೆಟ್ಟುಹೋದ ಚಿತ್ರವನ್ನೇ ಕಳಿಸಿದ್ದರೆ ಅದನ್ನೇ ತೂಗುಹಾಕುತ್ತಿದ್ದೆ.

ಈಗಲೂ ಇದ್ದರೆ ಅದನ್ನೇ ಕಳಿಸಿ. ಇಲ್ಲದಿದ್ದರೆ ಕಾಗದ ಬೇಡ.

ಗುಣವತಿ


ಛತ್ರಪತಿ ಸಂಭಾಜಿನಗರ
೨೯ ಮಾರ್ಚ್ ೨೦೨೬

ಗುಣವತಿ,

ನಿಮ್ಮ ಕಾಗದವನ್ನು ಬ್ಯಾಂಕಿನಲ್ಲಿ ಒಡೆದೆ. ಓದಿ ಮುಗಿಸಿದ ಮೇಲೆ ಕೌಂಟರಿನ ಮುಂದೆ ನಿಂತಿದ್ದವರ ಮುಖ ನೋಡಲಾಗಲಿಲ್ಲ. ನನಗೆ ನಾಚಿಕೆಯಾಗಿದೆ. ಇದನ್ನು ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ.

ಮಳೆಗಾಲದಿಂದಲೇ ಹೆಬ್ಬೆರಳಿನ ಬುಡದ ಕೀಲು ಹಿಡಿಯುತ್ತಿದೆ. ಪೆನ್ನಿನ ತಪ್ಪೇನೂ ಇರಲಿಲ್ಲ. ಗುಂಡಿಯನ್ನು ಒತ್ತಿ ಹಿಡಿದರೆ ಸ್ವಲ್ಪ ಹೊತ್ತಿಗೆ ಬೆರಳು ನನಗೆ ತಿಳಿಯದಂತೆ ಜಾರುತ್ತದೆ. ಹೆಬ್ಬೆರಳು ಬಿಟ್ಟಿತೆಂದು ಕ್ಯಾಮೆರಾ ಹೇಳುವುದಿಲ್ಲ, ಇನ್ನೊಂದು ಬೆರಳು ಕೇಳಿದಷ್ಟು ಚಿತ್ರ ಕೊಡುತ್ತಲೇ ಹೋಗುತ್ತದೆ. ನಾನು ಮೊದಲು ಕಂಬದ ಹಿಂದಿನ ತಂತಿ ಬೇಲಿಯ ಮೇಲೆ ಫೋಕಸ್ ಹಿಡಿದು ನೋಡಿದ್ದೆ. ಬೆರಳು ಅಲ್ಲೇ ಬಿಟ್ಟಿರಬೇಕು. ಅಶ್ವಿತಾ ಬಂದಳು, ಹಾರಿದಳು, ನಾನು ತೆಗೆದೆ. ಸಣ್ಣ ಪರದೆಯಲ್ಲಿ ನೋಡಿದರೆ ಬಿಳಿ ಬಟ್ಟೆ ಗಾಳಿಗೆ ಹಾರಿದಂತೆ ಏನೋ ಇದೆ. ಎಲ್ಲವೂ ಹಾಗೆಯೇ.

ಇದಿಷ್ಟೂ ಬೆರಳಿನ ತಪ್ಪು ಎನ್ನಬಹುದಿತ್ತು. ಅಲ್ಲ. ಮೊದಲ ಸುತ್ತಿನಲ್ಲೇ ನನಗೆ ಗೊತ್ತಾಗಿತ್ತು. ಫೋಕಸ್ಸನ್ನು ಮತ್ತೆ ಮುಂದಿನ ಗುಂಡಿಗೆ ಬದಲಿಸಿಕೊಳ್ಳಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಆದರೆ ಉತ್ಕರ್ಷ ಮತ್ತು ಅವನ ಗೆಳೆಯರು ನನ್ನ ಪಕ್ಕದಲ್ಲೇ ಕೂತಿದ್ದರು. ಗುರುಮಾತೆ ಅಂಗನವಾಡಿಗೆ ಇಳಿದಳು ಎಂದಾರೆಂದು ಹೆದರಿದೆ. ಆಡಿಕೊಳ್ಳುವವರ ಮುಂದೆ ಜಾರಿಬೀಳುವುದು ಬೇಡವೆಂದು ನಿಮ್ಮ ಮಗಳ ಚಿತ್ರವನ್ನು ಬಿಟ್ಟುಕೊಟ್ಟೆ. ಆಟ ಮುಗಿದೊಡನೆ ಓಡಿಬಂದೆ. ಪೇಪರಿನಲ್ಲಿ ಬಂದಿದ್ದ ಆ ಚಿತ್ರ ಮತ್ತೆ ಕಣ್ಣಿಗೆ ಬಿದ್ದಾಗ ನಿಮ್ಮ ಮೊಳೆ ನೆನಪಾಯಿತು, ಅಚ್ಚು ಹಾಕಿಸಿ ಕಳಿಸಿದೆ. ನಾನು ತೆಗೆದದ್ದು ಎಂದು ಬರೆಯಲಿಲ್ಲ, ಅಲ್ಲ ಎಂದೂ ಬರೆಯಲಿಲ್ಲ. ಕಳ್ಳತನಕ್ಕೆ ಅಷ್ಟು ಸಾಕು. ಮೊನ್ನೆ ಪೇಪರಿನ ಕಚೇರಿಗೆ ಹೋಗಿ ಸಮೀರನಿಗೆ ಎಲ್ಲ ಹೇಳಿದೆ. ನನ್ನ ಮಗನ ವಯಸ್ಸಿನವನು. ಕುರ್ಚಿ ಕೊಟ್ಟು ಚಹಾ ತರಿಸಿದ. ಬೈದಿದ್ದರೆ ಹಗುರಾಗುತ್ತಿತ್ತು.

ಇನ್ನು ನಿಮ್ಮ ಕಾಗದದ ಒಂದು ಮಾತು. ನಾನು ನಿಮ್ಮ ಯಜಮಾನರು ಜಯಕರ ಅವರಿಗೆ ಫೋನು ಮಾಡಿಲ್ಲ, ಗುಣವತಿ. ಬೆರಳಿನ ವಿಷಯ ಯಾರಿಗೂ ಹೇಳಿಲ್ಲ. ಪಟ್ಟಿಯನ್ನು ಅವತ್ತು ಮೈದಾನಕ್ಕೆ ಹೊರಡುವಾಗ ಕಟ್ಟಿಕೊಂಡೆ, ಮನೆಗೆ ಬಂದು ಬಿಚ್ಚಿದೆ. ಆ ಪಟ್ಟಿ ಕಂಡವರು ಆ ಮೈದಾನದಲ್ಲಿದ್ದವರು ಮಾತ್ರ.

ಕೆಟ್ಟ ಚಿತ್ರಗಳಿದ್ದ ಕಾರ್ಡನ್ನು ನೋಡಲಾರದೆ ಹೊಲಿಗೆ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ತೆಗೆದು ಮೊದಲ ಸಲ ದೊಡ್ಡ ಪರದೆಯ ಮೇಲೆ ನೋಡಿದೆ. ಅದರಲ್ಲೊಂದು ಇದರ ಜೊತೆಗಿದೆ. ಅಶ್ವಿತಾ ಮಸುಕು. ಅವಳ ಹಿಂದಿನ ಬೇಲಿಯ ಒಂದೊಂದು ತಂತಿಯೂ ಸ್ಪಷ್ಟ. ತಂತಿಯ ಆಚೆ ಜನರ ನಡುವೆ ತಲೆಗೆ ಬಿಳಿ ಟವೆಲ್ಲು ಸುತ್ತಿಕೊಂಡು, ಬೇಲಿಯ ಕಣ್ಣುಗಳಲ್ಲಿ ಎರಡೂ ಕೈಬೆರಳು ಸಿಕ್ಕಿಸಿಕೊಂಡು, ಬಾಯಿ ಪೂರ್ತಿ ತೆರೆದು ಕೂಗುತ್ತಿರುವವರನ್ನು ನೋಡಿ. ಟವೆಲ್ಲಿನ ಅಂಚಿನ ಮೇಲೆ ನಿಮ್ಮ ಹೋಟೆಲಿನ ಹೆಸರನ್ನೂ ಓದಬಹುದು. ನಾಲ್ಕು ವರ್ಷ ನನಗೆ ಊಟ ಬಡಿಸಿದ ಮುಖ. ಲೆನ್ಸಿನ ಎದುರೇ ಇದ್ದದ್ದು ನನಗೆ ಕಾಣಲಿಲ್ಲ.

ಇನ್ನೊಂದು ಚಿತ್ರದಲ್ಲಿ ಅವರು ಕೆಳಗೆ ಕುಕ್ಕರಗಾಲಲ್ಲಿ ಕೂತು ಅದೇ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದಾರೆ. ಅದನ್ನು ಕಳಿಸುತ್ತಿಲ್ಲ. ಅದು ಅವರದು.

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಹೋಗಿ ನಿಮ್ಮ ಮನೆಗೆ ಬೇಕಾಗಿದ್ದ ಚಿತ್ರವನ್ನು ಸೂಜಿ ದಾರದ ನಡುವೆ ಮುಚ್ಚಿಟ್ಟೆ. ಈ ಯುಗಾದಿಯ ಹೋಳಿಗೆ ಅಶ್ವಿತಾ ಹಾಸ್ಟೆಲಿನಲ್ಲಿ ತಿಂದಳೋ ಇಲ್ಲವೋ, ಅದರ ಹೊಣೆ ನನ್ನದು.

ಉತ್ತರ ಬರೆಯಬೇಕೆಂದಿಲ್ಲ.

ಮಂದಾಕಿನಿ


ನಾಸಿಕ್
೧೨ ಏಪ್ರಿಲ್ ೨೦೨೬

ಮಂದಕ್ಕ,

ನಿಮ್ಮ ಲಕೋಟೆ ಬಂದ ದಿನ ಆ ಚಿತ್ರವನ್ನು ಗಲ್ಲಾದ ಮೇಲೆ ಇವರ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡರು. ನೋಡಿದರು. "ಇದೆಂತದ್ದು, ಏನೂ ಕಾಣುದಿಲ್ಲ, ಬರೀ ಮಬ್ಬು" ಎಂದರು. ಹಾಗೆನ್ನುತ್ತ ಹೆಗಲ ಮೇಲಿನ ಟವೆಲ್ಲನ್ನು ಮೆಲ್ಲಗೆ ಎಳೆದು ಗಲ್ಲಾದ ಕೆಳಗೆ ಹಾಕಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ದಿಂಡೋರಿಯಲ್ಲಿ ಮದುವೆ ಚೆನ್ನಾಗಿ ಆಯಿತಾ?" ಎಂದು ಕೇಳಿದೆ.

ಆರ್ಡರೇ ಇರಲಿಲ್ಲ ಅಕ್ಕ. ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಹೇಳಿದರು: "ಬರುದಿಲ್ಲ ಅಂತ ಬಾಯಿಬಿಟ್ಟು ಹೇಳಿ ಆಗಿತ್ತು. ಮತ್ತೆ ಯಾವ ಮುಖ ಹೊತ್ತು ಮುಂದೆ ಹೋಗಿ ಕೂರುದು? ಹಿಂದೆ ನಿಂತೆ. ಅವಳು ಬೀಳುವಾಗೆಲ್ಲ ನನ್ನ ಮೊಣಗಂಟು ಬಿಟ್ಟಹಾಗೆ ಆಗ್ತಿತ್ತು." ನಾನು ಆ ದಿನ ಕಷಾಯ ಕುಡಿಸಿ, ಕಲ್ಲು ಮನಸ್ಸು ಎಂದು ನಿಮಗೆ ಬರೆದವಳು. ನಾಚಿಕೆ ನಿಮಗೊಬ್ಬರಿಗೇ ಎಂದು ತಿಳಿಯಬೇಡಿ, ಈ ಮನೆಯಲ್ಲೂ ಪಾಲಿದೆ.

ಚಿತ್ರವನ್ನು ಫೋನಿನಲ್ಲಿ ಅಶ್ವಿತಾಳಿಗೆ ಕಳಿಸಿದೆ. ಏನೂ ಬರೆಯಲಿಲ್ಲ, ಟವೆಲ್ಲಿನ ಸುತ್ತ ಒಂದು ಗೆರೆ ಎಳೆದೆ. ಸಂಜೆ ಫೋನು ಗಲ್ಲಾದ ಮೇಲೆ ಹೊಡೆದುಕೊಂಡಿತು. ನಾನು ಎತ್ತಲಿಲ್ಲ. ಪಾರ್ಸೆಲ್ ಆರ್ಡರಿರಬೇಕು, ನೀವೇ ನೋಡಿ ಎಂದೆ. ಎತ್ತಿದರು. ಗಿರಾಕಿಗಳು ಬಿಲ್ಲು ಹಿಡಿದು ನಿಂತಿದ್ದರು. ಕೊನೆಗೆ ಇವರು, "ಮೊಣಗಂಟು ಹೇಗುಂಟು?" ಎಂದರು. ಅಷ್ಟೇ. ಆಮೇಲೆ ಹ್ಞೂಂ, ಹ್ಞೂಂ ಎಂದು ಕೇಳಿಸಿಕೊಂಡರು. ಇಟ್ಟ ಮೇಲೆ ನನ್ನ ಕಡೆ ನೋಡದೆ, "ಪರೀಕ್ಷೆ ಮುಗಿದ ಮೇಲೆ ಬರ್ತಾಳಂತೆ. ನಾನೇ ಹೋಗಿ ಕರ್ಕೊಂಡು ಬರ್ತೇನೆ" ಎಂದರು.

ಸಮೀರನ ಚಿತ್ರಕ್ಕೆ ಸಮೀರನ ಹೆಸರು ಹಾಕಿಸಿ ಒಳಗಿನ ಕೋಣೆಯಲ್ಲಿ ತೂಗುಹಾಕಿದ್ದೇನೆ. ಗಲ್ಲಾದ ಎದುರಿನ ಮೊಳೆಗೆ ನಿಮ್ಮದು. ಇವರು ಒಪ್ಪಲಿಲ್ಲ, ಇದನ್ನು ಒಳಗೆ ಹಾಕು, ಅದನ್ನು ಹೊರಗೆ ಹಾಕು, ಜನ ನಗುತ್ತಾರೆ ಎಂದರು. ನಗಲಿ ಎಂದೆ. ಮೊನ್ನೆ ನಿಮ್ಮ ಮೇಜಿನ ಬ್ಯಾಂಕಿನವರು ಕೈ ತೊಳೆದು ಬಂದು, "ಇದ್ಯಾಕ್ರೀ, ಚಿತ್ರ ಪೂರಾ ಅಲುಗಾಡೇತಲ್ಲ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವರು ಚಿಲ್ಲರೆ ಎಣಿಸುತ್ತ, ತಲೆ ತಗ್ಗಿಸಿಕೊಂಡೇ ಹೇಳಿದರು: "ಅದು ಸರಿಯಾಗೇ ಬಂದದ್ದು. ಹಿಂದೆ ನೋಡಿ."

ಅಶ್ವಿತಾ ಬಂದಾಗ ನೀವೂ ಬನ್ನಿ. ಫೋಕಸ್ಸನ್ನು ಮುಂದಿನ ಗುಂಡಿಗೆ ಹಾಕಿಕೊಂಡೇ ಬನ್ನಿ, ಅಂಗನವಾಡಿಯಲ್ಲಿ ನಾನೂ ಇರುತ್ತೇನೆ. ಚಿತ್ರದ ಕೆಳಗೆ ನಿಮ್ಮ ಹೆಸರು ಬರೆಸಿದ್ದೇನೆ ಅಕ್ಕ. ಈ ಸಲ ತೆಗೆಸುವುದಿಲ್ಲ.

ನಿಮ್ಮ
ಗುಣವತಿ